ಅಟ್ಟದ ಮೋಡೆಮ್, ಎಸ್.ಪಿ. ರಸ್ತೆಯ ಇಪಿಎಬಿಎಕ್ಸ್: ಮನೆಯಲ್ಲೇ ಡಯಲ್‌ಅಪ್ ಕಟ್ಟಿದ್ದು

ಗೌರಿ ಹಬ್ಬಕ್ಕೆ ಮುಂಚೆ ಅಟ್ಟ ಖಾಲಿ ಮಾಡುವುದು ನಮ್ಮ ಮನೆಯ ವಾಡಿಕೆ. ಈ ಸಲ ಹಿತ್ತಾಳೆ ಕೊಳಗದ ಹಿಂದೆ ಒಂದು ಶೂ ಡಬ್ಬಿ ಸಿಕ್ಕಿತು. ಒಳಗೆ ನನ್ನ ಹಳೇ ಎಕ್ಸ್‌ಟರ್ನಲ್ ಮೋಡೆಮ್ (ಫೋನ್ ಲೈನಿನಲ್ಲಿ ಡಯಲ್ ಮಾಡಿ ಕಂಪ್ಯೂಟರನ್ನು ಇಂಟರ್‌ನೆಟ್‌ಗೆ ಸೇರಿಸುತ್ತಿದ್ದ ಪೆಟ್ಟಿಗೆ; ಡಯಲ್‌ಅಪ್ ಅಂದರೆ ಇದೇ), ಒಂದು ಸೀರಿಯಲ್ ಕೇಬಲ್, ಗೆದ್ದಲು ಅರ್ಧ ತಿಂದು ಬಿಟ್ಟ ಫೋನ್ ಬಿಲ್ಲು. ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿರುವ ಅಕ್ಕನ ಮಗ ಮೋಡೆಮ್ಮನ್ನು ತಲೆಕೆಳಗು ಮಾಡಿ ಲೇಬಲ್ ಓದಿದ.

"ಮಾಮ, ಇದರ ಮ್ಯಾಕ್ ಅಡ್ರೆಸ್ ಎಲ್ಲಿ ಬರೆದಿದೆ?"

"ಇದಕ್ಕೆ ಮ್ಯಾಕ್ ಅಡ್ರೆಸ್ ಇರಲ್ಲ ಕಣೋ."

"ಮತ್ತೆ ಡಿಎಚ್‌ಸಿಪಿ ಹೇಗೆ ಕೆಲಸ ಮಾಡ್ತಿತ್ತು?"

"ಅದೂ ಇರಲಿಲ್ಲ."

"ಹಾಗಾದ್ರೆ ಐಪಿ ಯಾರು ಕೊಡ್ತಿದ್ರು?"

ಮ್ಯಾಕ್ ಅಡ್ರೆಸ್ ಅಂದರೆ ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರು, ಐಪಿ ಅಂದರೆ ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ಅಡ್ರೆಸ್, ಡಿಎಚ್‌ಸಿಪಿ ಅಂದರೆ ಆ ಅಡ್ರೆಸ್ಸನ್ನು ತಾನಾಗಿ ಹಂಚುವ ವ್ಯವಸ್ಥೆ. ಉತ್ತರ ಗೊತ್ತಿತ್ತು. ಆದರೆ ಬಾಯಲ್ಲಿ ಹೇಳಿದರೆ ಅವನು "ಓಕೆ ಮಾಮ" ಅಂದು ಮತ್ತೆ ಫೋನಿಗೆ ಇಳಿಯುತ್ತಾನೆ. ಕಟ್ಟಿ ತೋರಿಸೋಣ ಅನ್ನಿಸಿತು. ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಮೂರು ವಾರ ಹಿಡಿಯಿತು.

ಸಾಮಾನು

ಮೋಡೆಮ್‌ಗೆ ಬರೀ ತಂತಿ ಸಾಲದು. ಫೋನ್ ಲೈನ್ ಬೇಕು. ಅಂದರೆ ಲೈನಿನಲ್ಲಿ ಸ್ವಲ್ಪ ಕರೆಂಟು, ಡಯಲ್ ಟೋನ್, ಆ ಕಡೆ ರಿಂಗ್. ಎರಡೇ ಮೋಡೆಮ್ ಮಾತಾಡಿಸುವುದಾದರೆ ಒಂದು 9 ವೋಲ್ಟ್ ಬ್ಯಾಟರಿ, ಸರಣಿಯಲ್ಲಿ ಒಂದು ರೆಸಿಸ್ಟರ್ ಹಾಕಿ, ಒಂದರಲ್ಲಿ ಎಟಿಡಿ (ಡಯಲ್ ಮಾಡು), ಇನ್ನೊಂದರಲ್ಲಿ ಎಟಿಎ (ಫೋನ್ ಎತ್ತು) ಅನ್ನುವ ಆಜ್ಞೆ ಕೈಯಾರೆ ಕೊಟ್ಟರೂ ಎಷ್ಟೋ ಮೋಡೆಮ್‌ಗಳು ಕೂಡಿಕೊಳ್ಳುತ್ತವೆ. ನನಗೆ ಅದು ಬೇಡವಾಗಿತ್ತು. ಇಬ್ಬರು ಒಟ್ಟಿಗೆ ಕರೆ ಮಾಡಬೇಕು, ಇಬ್ಬರಿಗೂ ಬೇರೆ ಬೇರೆ ಅಡ್ರೆಸ್ ಸಿಗಬೇಕು. ಅದನ್ನು ನೋಡದೆ ಈ ಕೆಲಸದಲ್ಲಿ ಮಜಾ ಇಲ್ಲ.

ನಮ್ಮ ಮನೆ ತ್ಯಾಗರಾಜನಗರ. ಸೌತ್ ಎಂಡ್ ಸರ್ಕಲ್‌ನಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರಸ್ತೆಗೆ ನಡೆದೆವು. ಮೂರನೇ ಅಂಗಡಿಯಲ್ಲೇ ಒಂದು ಚಿಕ್ಕ ಇಪಿಎಬಿಎಕ್ಸ್, ಅಂದರೆ ಕಟ್ಟಡದೊಳಗಿನ ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜ್, ಸಿಕ್ಕಿತು. ಒಂದು ಹೊರಗಿನ ಲೈನು, ಎಂಟು ಎಕ್ಸ್‌ಟೆನ್ಷನ್ನು. ಒಂದು ಕಾಲದಲ್ಲಿ ಪ್ರತಿ ನರ್ಸಿಂಗ್ ಹೋಮಿನಲ್ಲಿ, ಪ್ರತಿ ಲಾಡ್ಜಿನಲ್ಲಿ ಗೋಡೆಗೆ ತೂಗುಹಾಕಿರುತ್ತಿದ್ದ ಪೆಟ್ಟಿಗೆ.

"ಇದನ್ನ ತಗೊಂಡು ಏನ್ ಮಾಡ್ತೀರಾ ಸಾರ್? ಈಗ ಇಂಟರ್‌ಕಾಮ್ ಕೇಳೋರೇ ಇಲ್ಲ," ಅಂದ ಅಂಗಡಿಯವನು. ಹಾಗಂತ ಬೆಲೆ ಏನೂ ಇಳಿಸಲಿಲ್ಲ. ಸಾವಿರದಿಂದ ಎಂಟುನೂರಕ್ಕೆ ಬಂದ. ಅವನ ಹತ್ತಿರವೇ ಮೂಟೆಯೊಳಗೆ ಎಕ್ಸ್‌ಟರ್ನಲ್ ಮೋಡೆಮ್‌ಗಳಿದ್ದವು. ಎರಡು ಆರಿಸಿಕೊಂಡೆ. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಅಡಾಪ್ಟರ್ ಮೂರು. ಮನೆಯಲ್ಲಿ ಒಂದು ರಾಸ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಇತ್ತು. ವಿಂಡೋಸ್ 98 ಇರುವ ಹಳೇ ಲ್ಯಾಪ್‌ಟಾಪ್ ಕೂಡ ಇತ್ತು, ಒಳಗೇ ಮೋಡೆಮ್ ಇರುವಂಥದ್ದು. ಅಕ್ಕನ ಮಗನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್.

ಒಂದು ಎಚ್ಚರಿಕೆ. ಹಳೇ ಮೋಡೆಮ್‌ಗೆ ಅಡಾಪ್ಟರ್ ಹಾಕುವ ಮುಂಚೆ ಲೇಬಲ್ ಓದಿ. ನನ್ನ ಮೂರರಲ್ಲಿ ಒಂದು 9 ವೋಲ್ಟ್ ಎಸಿ ಕೇಳುತ್ತದೆ. ಪಿನ್ನು ಸರಿಯಾಗಿ ಕೂರುತ್ತದೆ ಅಂತ ಕೈಗೆ ಸಿಕ್ಕ ಡಿಸಿ ಅಡಾಪ್ಟರ್ ಚುಚ್ಚಿದೆ, ಒಂದು ದೀಪವೂ ಹತ್ತಲಿಲ್ಲ. ಮೋಡೆಮ್ಮೇ ಸತ್ತಿದೆ ಅಂತ ಅರ್ಧ ದಿನ ಅಂಗಡಿಯವನನ್ನು ಬೈದುಕೊಂಡೆ.

ಮೊದಲ ಕರೆ

ಪೈಗೆ ಎರಡು ಮೋಡೆಮ್ ಸಿಕ್ಕಿಸಿ, ಅವನ್ನು ಎಕ್ಸ್‌ಟೆನ್ಷನ್ 21 ಮತ್ತು 22ಕ್ಕೆ ಕೊಟ್ಟೆ. ಲಿನಕ್ಸ್ ಲ್ಯಾಪ್‌ಟಾಪಿನ ಮೋಡೆಮ್ 23ರಲ್ಲಿ, ವಿಂಡೋಸ್ 98 ಲ್ಯಾಪ್‌ಟಾಪ್ 24ರಲ್ಲಿ.

ಪೈ ಮೇಲೆ ಎರಡು ಪ್ರೋಗ್ರಾಂ. ಎಂಗೆಟಿ ಅನ್ನುವುದು ಫೋನ್ ಎತ್ತುವ ಕೆಲಸದ್ದು. ಆ ಕಡೆಯಿಂದ ಮನುಷ್ಯ ಬಂದರೆ ಲಾಗಿನ್ ಕೇಳುತ್ತದೆ. ಪಿಪಿಪಿ, ಅಂದರೆ ಲೈನಿನ ಎರಡು ತುದಿಯ ಕಂಪ್ಯೂಟರುಗಳು ಆಡುವ ಮಾತು, ಬಂದರೆ ಗುರುತು ಹಿಡಿದು ಲೈನನ್ನು ಪಿಪಿಪಿಡಿ ಅನ್ನುವ ಎರಡನೇ ಪ್ರೋಗ್ರಾಂಗೆ ಒಪ್ಪಿಸುತ್ತದೆ. ಹಾಗೆ ಮಾಡಲು ಅದರ ಲಾಗಿನ್ ಕಾನ್ಫಿಗ್ ಫೈಲಿನಲ್ಲಿ ಆಟೋಪಿಪಿಪಿ ಅನ್ನುವ ಸಾಲು ಇರಬೇಕು. ಮಿಕ್ಕಿದ್ದೆಲ್ಲ ಪಿಪಿಪಿಡಿ ಕೆಲಸ: ಪಾಸ್‌ವರ್ಡ್ ನೋಡುವುದು, ಅಡ್ರೆಸ್ ಕೊಡುವುದು, ನೆಟ್‌ವರ್ಕ್ ಎಬ್ಬಿಸುವುದು.

ಪಿಪಿಪಿಡಿಯಲ್ಲಿ ನನಗೆ ಇಷ್ಟವಾಗುವ ವಿಷಯ ಒಂದಿದೆ. ಎಲ್ಲ ಲೈನಿಗೂ ಸೇರಿದ ಒಂದು ಆಪ್ಷನ್ಸ್ ಫೈಲ್ ಇರುತ್ತದೆ, ಸರಿ. ಅದರ ಜೊತೆಗೆ ಪೋರ್ಟಿನ (ಮೋಡೆಮ್ ಸಿಕ್ಕಿಸಿದ ಜಾಗದ) ಹೆಸರಲ್ಲೇ ಒಂದೊಂದು ಆಪ್ಷನ್ಸ್ ಫೈಲ್ ಇಡಬಹುದು. ಮೊದಲ ಪೋರ್ಟಿನ ಫೈಲಿನಲ್ಲಿ ಒಂದೇ ಸಾಲು ಬರೆದೆ:

192.168.50.1:192.168.50.101

ಕೋಲನ್ನಿನ ಎಡಗಡೆ ನಂದು, ಬಲಗಡೆ ಕರೆ ಮಾಡಿದವನದು. ಎರಡನೇ ಪೋರ್ಟಿನ ಫೈಲಿನಲ್ಲಿ ಬಲಗಡೆ 102. ಎಡಗಡೆ ಅದೇ 50.1. "ಒಂದೇ ಅಡ್ರೆಸ್ ಎರಡು ಕಡೆ ಕೊಟ್ಟೆಯಲ್ಲ ಮಾಮ?" ಅಂದ ಹುಡುಗ. ಕೊಡಬಹುದು. ಇದು ಎರಡೇ ತುದಿಯ ಲೈನು. ಇಲ್ಲಿ ಸಬ್‌ನೆಟ್ (ಅಡ್ರೆಸ್‌ಗಳ ಗುಂಪು) ಅಂತ ಏನೂ ಇಲ್ಲ, ಆ ತುದಿಯಲ್ಲಿ ಯಾರಿದ್ದಾರೆ ಅನ್ನುವುದಷ್ಟೇ ರೌಟಿಂಗ್‌ಗೆ (ಮಾಹಿತಿಗೆ ದಾರಿ ತೋರಿಸುವುದಕ್ಕೆ) ಬೇಕು.

ಡಯಲ್ ಮಾಡಿದೆವು. "ನೋ ಡಯಲ್‌ಟೋನ್" ಅಂತ ಬಂತು. ಮಾಮೂಲಿ ಫೋನ್ ಚುಚ್ಚಿ ಕೇಳಿದರೆ ಟೋನ್ ಚೆನ್ನಾಗೇ ಇದೆ. ಆದರೆ ಇಪಿಎಬಿಎಕ್ಸಿನ ಟೋನ್ ಎಕ್ಸ್‌ಚೇಂಜಿನ ಟೋನಿನ ಹಾಗಿಲ್ಲ, ಮೋಡೆಮ್‌ಗೆ ಗುರುತು ಸಿಗುತ್ತಿಲ್ಲ. ಎಟಿಎಕ್ಸ್3 ಅಂತ ಕೊಟ್ಟರೆ ಟೋನಿಗೆ ಕಾಯದೆ ಡಯಲ್ ಮಾಡುತ್ತದೆ, ಎಂಗೇಜ್ ಇದ್ದರೆ ಮಾತ್ರ ಹೇಳುತ್ತದೆ. ವಿಂಡೋಸ್ 98ರಲ್ಲಿ ಇದಕ್ಕೆ ಮೋಡೆಮ್ ಪ್ರಾಪರ್ಟೀಸ್‌ನಲ್ಲಿ ಒಂದು ಟಿಕ್ ತೆಗೆಯಬೇಕು.

ಎರಡನೇ ಸಲ 21ರ ಮೋಡೆಮ್ ರಿಂಗ್ ಕೇಳಿ ಎತ್ತಿತು. ಆ ಸದ್ದು ಬಂತು ನೋಡಿ. ಮೊದಲು ಸಿಳ್ಳೆ, ಆಮೇಲೆ ಎರಡು ಸಲ ಗಂಟಲು ಸರಿಮಾಡಿಕೊಂಡ ಹಾಗೆ, ಕೊನೆಗೆ ಕಾದೆಣ್ಣೆಗೆ ಸಾಸಿವೆ ಬಿದ್ದ ಹಾಗೆ. ಅಮ್ಮ ಅಡುಗೆಮನೆಯಿಂದಲೇ, "ಆ ದರಿದ್ರ ಸದ್ದು ಮತ್ತೆ ಬಂತಾ?" ಅಂದರು. ಇಪ್ಪತ್ತು ವರ್ಷ ಆದಮೇಲೂ ನೆನಪಿದೆ.

ಕನೆಕ್ಟ್ 31200, ಅಂದರೆ ಸೆಕೆಂಡಿಗೆ 31,200 ಬಿಟ್. ಮೋಡೆಮ್ ಮೇಲೆ 56ಕೆ ಅಂತ ಬರೆದಿದೆಯಲ್ಲ ಅನ್ನಬೇಡಿ. 56ಕೆ ಕೊಡುವ 1998ರ ವಿ.90 ಮಾನದಂಡದ ವೇಗ ಬರಬೇಕಾದರೆ ಇಂಟರ್‌ನೆಟ್ ಕಂಪನಿ ಕಡೆಯ ತುದಿ ಡಿಜಿಟಲ್ ಲೈನಿನಲ್ಲಿರಬೇಕು. ಎರಡೂ ಕಡೆ ಅನಲಾಗ್ ಮೋಡೆಮ್ ಇದ್ದರೆ ಹಳೇ ವಿ.34 ಮಾನದಂಡವೇ ಮಿತಿ, 33.6ಕೆಗಿಂತ ಮೇಲೆ ಹೋಗಲ್ಲ. ನಮಗೆ ಅಷ್ಟು ಧಾರಾಳ ಸಾಕು.

ಸರಿ ಅಂದು ಫೋನ್ ಇಟ್ಟಿತು

ಲೈನ್ ಕೂಡಿತು. ಎರಡು ಸೆಕೆಂಡಿನಲ್ಲಿ ಕಡಿದುಹೋಯಿತು. ಮತ್ತೆ ಮಾಡಿದೆ, ಮತ್ತೆ ಹಾಗೇ. ಪಿಪಿಪಿಡಿಗೆ ಡೀಬಗ್ ಆಪ್ಷನ್ ಹಾಕಿ ಲಾಗ್ ತೆರೆದೆವು. ಮೊದಲು ಎಲ್‌ಸಿಪಿ: ಲೈನಿನ ನಿಯಮ ಮಾತಾಡಿಕೊಳ್ಳುವುದು. ಅದು ಮುಗಿದಿದೆ. ಆಮೇಲೆ ಪ್ಯಾಪ್: ಹೆಸರು, ಪಾಸ್‌ವರ್ಡ್. ಅದೂ ಪಾಸ್. ಅದಾದಮೇಲೆ ಐಪಿಸಿಪಿ. ಅಡ್ರೆಸ್ ಕೊಡುವ ಜಾಗ ಇದೇ. ಲಾಗನ್ನು ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತೇನೆ:

ಲ್ಯಾಪ್‌ಟಾಪ್: ನನ್ನ ಅಡ್ರೆಸ್ 192.168.1.34, ಆಗಬಹುದಾ?
ಪೈ: ನನ್ನ ಅಡ್ರೆಸ್ 192.168.50.1, ಆಗಬಹುದಾ?
ಲ್ಯಾಪ್‌ಟಾಪ್: ಆಗಬಹುದು.
ಪೈ: ನಿಂದು ಬೇಡ, 192.168.50.101 ಇಟ್ಟುಕೋ.
ಲ್ಯಾಪ್‌ಟಾಪ್: ನನ್ನ ಅಡ್ರೆಸ್ 192.168.50.101, ಆಗಬಹುದಾ?
ಪೈ: ಆಗಬಹುದು.
ಪೈ: ಮುಗಿಸೋಣ. ಅನುಮತಿ ಇಲ್ಲದ ಅಡ್ರೆಸ್.

ಕೊನೆಯ ಎರಡು ಸಾಲು ನೋಡಿ. ತಾನೇ ಅಡ್ರೆಸ್ ಕೊಟ್ಟು, ತಾನೇ ಸರಿ ಅಂದು, ಆಮೇಲೆ "ಈ ಅಡ್ರೆಸ್ ಬಳಸಲು ನಿನಗೆ ಅನುಮತಿ ಇಲ್ಲ" ಅಂತ ಫೋನ್ ಇಡುತ್ತಿದೆ. ನನಗೆ ಸಿಟ್ಟು ಬಂತು, ಹುಡುಗನಿಗೆ ನಗು ಬಂತು.

ರಾತ್ರಿ ಹನ್ನೊಂದಕ್ಕೆ ಅವನೇ ಹಿಡಿದ. ಪ್ಯಾಪ್ ಸೀಕ್ರೆಟ್ಸ್ ಫೈಲಿನಲ್ಲಿ ನಾನು ಪ್ರತಿ ಸಾಲಿಗೂ ಮೂರೇ ಪದ ಬರೆದಿದ್ದೆ: ಹೆಸರು, ಸರ್ವರ್, ಪಾಸ್‌ವರ್ಡ್. ನಾಲ್ಕನೇದು ಬೇಕಾದರೆ ಹಾಕು, ಇಲ್ಲದಿದ್ದರೆ ಬಿಡು ಅನ್ನುವ ತರಹದ್ದು ಅಂದುಕೊಂಡಿದ್ದೆ. ಪಿಪಿಪಿಡಿಯ ಮ್ಯಾನ್ಯುಯಲ್ ಹೇಳುವುದೇ ಬೇರೆ. ನಾಲ್ಕನೇ ಜಾಗದಲ್ಲಿ ಆ ಹೆಸರಿನವನು ಯಾವ ಅಡ್ರೆಸ್ ಬಳಸಬಹುದು ಅಂತ ಬರೆಯಬೇಕು. ಏನೂ ಬರೆಯದಿದ್ದರೆ ಯಾವುದನ್ನೂ ಬಳಸುವಂತಿಲ್ಲ ಅಂತ ಅರ್ಥ. ಕೊನೆಗೆ ಒಂದು ನಕ್ಷತ್ರ ಚಿಹ್ನೆ ಹಾಕಿದ. ಲೈನ್ ನಿಂತಿತು. ಪಿಂಗ್ ("ಇದ್ದೀಯಾ?" ಅಂತ ಕಳಿಸಿ ಉತ್ತರಕ್ಕೆ ಕಾಯುವುದು) ಸುಮಾರು 150 ಮಿಲಿಸೆಕೆಂಡಿನಲ್ಲಿ ಬಂತು. ಅಷ್ಟು ನಿಧಾನ ನೋಡಿ ಅವನು ಏನೋ ಕೆಟ್ಟಿದೆ ಅಂದುಕೊಂಡ.

ಇನ್ನೊಂದು ವಿಷಯ ಆ ಲಾಗಿನ ಮೊದಲ ಸಾಲಿನಲ್ಲೇ ಇತ್ತು. ಲ್ಯಾಪ್‌ಟಾಪ್ ತನ್ನ ವೈಫೈ ಅಡ್ರೆಸ್ಸನ್ನು ಫೋನ್ ಲೈನಿನಲ್ಲೂ ಕೇಳಿದೆ. ಯಾಕೆ? ಬೇರೇನೂ ಹೇಳದಿದ್ದರೆ ಪಿಪಿಪಿಡಿ ತನ್ನ ಮಷೀನಿನ ಹೆಸರನ್ನು ಹುಡುಕಿ, ಆ ಹೆಸರಿಗೆ ಸಿಕ್ಕ ಅಡ್ರೆಸ್ಸನ್ನೇ ಕೇಳುತ್ತದೆ. ಹೆಸರಿಗೆ ಅಡ್ರೆಸ್ ಬರೆದಿಡುವ ಹೋಸ್ಟ್ಸ್ ಫೈಲಿನಲ್ಲಿ ಹುಡುಗ ಅದನ್ನು ಯಾವತ್ತೋ ಬರೆದಿಟ್ಟಿದ್ದ. ನೋಐಪಿಡೀಫಾಲ್ಟ್ ಅನ್ನುವ ಆಪ್ಷನ್ ಹಾಕಿದ ಮೇಲೆ ಮೊದಲ ಕೋರಿಕೆ 0.0.0.0 ಆಯಿತು. "ನನ್ನ ಹತ್ತಿರ ಏನೂ ಇಲ್ಲ, ನೀನೇ ಕೊಡು" ಅಂತ. ಅದಕ್ಕೆ ಬರುವ ಉತ್ತರದ ಹೆಸರು ನಾಕ್. ಹೆಸರು ಕೇಳಿದರೆ ನಿರಾಕರಣೆ ಅನ್ನಿಸುತ್ತದೆ, ಅಲ್ವಾ? ನಾಕ್ ಒಳಗೇ ಹೊಸ ಅಡ್ರೆಸ್ ಕೂತಿರುತ್ತದೆ. ಕೇಳಿದವನು ಅದನ್ನೇ ಮತ್ತೆ ಕೇಳುತ್ತಾನೆ, ಆಗ ಆ್ಯಕ್, ಅಂದರೆ ಒಪ್ಪಿಗೆ, ಸಿಗುತ್ತದೆ. 1992ರ ಆರ್‌ಎಫ್‌ಸಿ 1332ರಲ್ಲಿ (ಆರ್‌ಎಫ್‌ಸಿ ಅಂದರೆ ಇಂಟರ್‌ನೆಟ್ ನಿಯಮಗಳನ್ನು ಬರೆದಿಡುವ ದಾಖಲೆ) ಬರೆದಿರುವುದು ಇದೇ. ಐಪಿ ಅಡ್ರೆಸ್ ಅಲ್ಲಿ 3ನೇ ಆಪ್ಷನ್ನು.

ಅಕ್ಕನ ಮಗನ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು. ಡಿಎಚ್‌ಸಿಪಿ ಡಂಗುರ ಹೊಡೆಯುವ ವ್ಯವಸ್ಥೆ. ಒಂದೇ ನೆಟ್‌ವರ್ಕಿನಲ್ಲಿ ನೂರು ಮಷೀನು ಇರುತ್ತವೆ, ಯಾರು ಅಡ್ರೆಸ್ ಕೊಡುವವರು ಗೊತ್ತಿರಲ್ಲ. ಊರಿಗೆಲ್ಲ ಕೇಳುವ ಹಾಗೆ ಕೂಗಬೇಕು, ಕೂಗಿದವರು ಯಾರು ಅಂತ ಗೊತ್ತಾಗಲು ಮ್ಯಾಕ್ ಅಡ್ರೆಸ್ ಬೇಕು. ಫೋನ್ ಲೈನಿನಲ್ಲಿ ಇರುವವರೇ ಇಬ್ಬರು. ಕೂಗುವುದೂ ಬೇಡ, ಗುರುತೂ ಬೇಡ. ಪಿಪಿಪಿ ಫ್ರೇಮಿನಲ್ಲಿ (ಲೈನಿನಲ್ಲಿ ಹೋಗುವ ಒಂದೊಂದು ಪೊಟ್ಟಣದಲ್ಲಿ) ಅಡ್ರೆಸ್ ಅಂತ ಒಂದು ಬೈಟ್ ಏನೋ ಇದೆ, ಆದರೆ ಅದರಲ್ಲಿ ಯಾವಾಗಲೂ ಎಫ್‌ಎಫ್ ಅಂತಲೇ ಇರುತ್ತದೆ.

ಪಿಪಿಪಿಗೂ ಮುಂಚೆ ಸ್ಲಿಪ್ ಅಂತ ಇತ್ತು, 1988ರ ಆರ್‌ಎಫ್‌ಸಿ 1055. ಅದರಲ್ಲಿ ಅಡ್ರೆಸ್ ಮಾತಾಡಿಕೊಳ್ಳುವ ದಾರಿಯೇ ಇಲ್ಲ. ಲಾಗಿನ್ ಆದಮೇಲೆ ಸರ್ವರ್ "ನಿನ್ನ ಅಡ್ರೆಸ್ ಇದು" ಅಂತ ಪರದೆ ಮೇಲೆ ಒಂದು ಸಾಲು ಬರೆಯುತ್ತಿತ್ತು. ಅದನ್ನು ನೋಡಿಕೊಂಡು ನಾವೇ ಟೈಪ್ ಮಾಡಬೇಕಿತ್ತು, ಇಲ್ಲವೇ ಒಂದು ಸ್ಕ್ರಿಪ್ಟ್ ಬರೆದು ಆ ಸಾಲಿನಿಂದ ಅಡ್ರೆಸ್ ಕಿತ್ತುಕೊಳ್ಳಬೇಕಿತ್ತು.

10.0.2.15

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ.

ಆಗಿನ ಸರ್ಕಾರಿ ಟೆಲಿಕಾಂ ಕಂಪನಿ ವಿದೇಶ್ ಸಂಚಾರ್ ನಿಗಮ್ 1995ರ ಆಗಸ್ಟ್ 15ರಂದು ಇಂಟರ್‌ನೆಟ್ ಸೇವೆಯನ್ನು ಜನರಿಗೆ ತೆರೆಯಿತು. ಬೆಂಗಳೂರಿನವರ ಇಮೇಲ್ ಬಾಲದಲ್ಲಿ ಜಿಐಎಎಸ್‌ಬಿಜಿ01 ಅಂತ ಇರುತ್ತಿತ್ತು, ಬಿಜಿ ಅಂದರೆ ಬೆಂಗಳೂರು. ನನ್ನದು ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಶೆಲ್ ಅಕೌಂಟು. ಕರಿ ಪರದೆ, ಬರೀ ಅಕ್ಷರ. ಐಪಿ ಅಡ್ರೆಸ್ ಅವರ ಯುನಿಕ್ಸ್ ಮಷೀನಿಗೆ ಇತ್ತು, ನನ್ನ ಕಂಪ್ಯೂಟರಿಗೆ ಇರಲಿಲ್ಲ.

ಆಗ ಹುಡುಗರ ಕೈಯಿಂದ ಕೈಗೆ ಹೋಗುತ್ತಿದ್ದ ಪ್ರೋಗ್ರಾಂ ಸ್ಲರ್ಪ್. ಅದನ್ನು ಶೆಲ್ ಒಳಗೆ ಓಡಿಸಿದರೆ ಅದೇ ಪಿಪಿಪಿ ಸರ್ವರಿನ ವೇಷ ಹಾಕಿ ನಿಮ್ಮ ಪಿಸಿ ಜೊತೆ ಮಾತಾಡುತ್ತಿತ್ತು. ಚಿತ್ರ ಇರುವ ವೆಬ್ ಪುಟ ಬರುತ್ತಿತ್ತು. ಅದು ಕೊಡುತ್ತಿದ್ದ ಅಡ್ರೆಸ್ 10.0.2.15. ಎಲ್ಲರಿಗೂ ಅದೇ. ಜಯನಗರದವನಿಗೂ ಅದೇ, ಯಶವಂತಪುರದವನಿಗೂ ಅದೇ. ಹೊರಗಿನ ಲೋಕಕ್ಕೆ ಆ ಅಡ್ರೆಸ್ ಕಾಣುತ್ತಲೇ ಇರಲಿಲ್ಲವಾದ್ದರಿಂದ ಜಗಳವೂ ಇಲ್ಲ.

ಇದನ್ನು ಹೇಳಿದಾಗ ಹುಡುಗ ಥಟ್ಟನೆ ಎದ್ದು ಕೂತ. "ಮಾಮ, ವರ್ಚುಯಲ್‌ಬಾಕ್ಸ್‌ನಲ್ಲಿ ನನ್ನ ಐಪಿ ಯಾವಾಗಲೂ 10.0.2.15 ಇರುತ್ತೆ!" ಹೌದು ಕಣೋ. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಆ ವರ್ಚುಯಲ್‌ಬಾಕ್ಸ್‌ಗೂ ಅದೇ ಸ್ಲರ್ಪ್‌ನ ಕೋಡು ಹೋಗಿದೆ, ಅಂಥದೇ ಕ್ಯೂಇಎಂಯುಗೂ ಹೋಗಿದೆ. ಅಡ್ರೆಸ್ ಬದಲಿಸುವ ಗೋಜಿಗೆ ಯಾರೂ ಹೋಗಲಿಲ್ಲ.

ವಿಂಡೋಸ್ 98ರ ಸರದಿ

ಎರಡನೇ ಶನಿವಾರ 24ರಿಂದ 22ಕ್ಕೆ ಡಯಲ್ ಮಾಡಿದೆವು. ಒಂದೇ ಸಲಕ್ಕೆ ಕೂಡಿತು. ಅಡ್ರೆಸ್ 192.168.50.102. ನಂಬರ್ ಹಾಕಿ ಪಿಂಗ್ ಮಾಡಿದರೆ ಹೋಗುತ್ತದೆ. ಹೆಸರು ಹಾಕಿದರೆ ಇಲ್ಲ.

ಲಾಗ್ ನೋಡಿದರೆ ವಿಂಡೋಸ್ ಒಂದೇ ಉಸಿರಿಗೆ ಎಷ್ಟೊಂದು ಕೇಳಿದೆ: ಅಡ್ರೆಸ್ 0.0.0.0, ಎರಡು ಡಿಎನ್‌ಎಸ್ (ಹೆಸರಿಗೆ ಅಡ್ರೆಸ್ ಹುಡುಕಿ ಕೊಡುವ ಸರ್ವರ್) 0.0.0.0, ಎರಡು ವಿನ್ಸ್ (ವಿಂಡೋಸಿನ ಅಂಥದೇ ಸರ್ವರ್) 0.0.0.0. ಡಿಎನ್‌ಎಸ್‌ನ ಎರಡು ಆಪ್ಷನ್ 129 ಮತ್ತು 131. ಇವು ಮೂಲ ಐಪಿಸಿಪಿಯಲ್ಲಿ ಇರಲಿಲ್ಲ, 1995ರ ಕೊನೆಗೆ ಆರ್‌ಎಫ್‌ಸಿ 1877ರಲ್ಲಿ ಬಂದವು. ನಾನು ಪೈಯಲ್ಲಿ ಡಿಎನ್‌ಎಸ್ ಬರೆದಿರಲಿಲ್ಲ. ಹಾಗಾಗಿ ಪೈ ನಾಲ್ಕನ್ನೂ ರಿಜೆಕ್ಟ್ ಮಾಡಿದೆ. ನಾಕ್‌ಗೂ ರಿಜೆಕ್ಟ್‌ಗೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. ನಾಕ್ ಅಂದರೆ ಈ ಬೆಲೆ ಬೇಡ, ಆ ಬೆಲೆ ತಗೋ. ರಿಜೆಕ್ಟ್ ಅಂದರೆ ಆ ಸಾಮಾನೇ ನಮ್ಮ ಅಂಗಡಿಯಲ್ಲಿಲ್ಲ, ಮತ್ತೆ ಕೇಳಬೇಡ.

ಆಪ್ಷನ್ಸ್ ಫೈಲಿಗೆ ಎಂಎಸ್-ಡಿಎನ್‌ಎಸ್ ಸಾಲು ಸೇರಿಸಿದ ಮೇಲೆ ಮಾತುಕತೆ ಮೂರು ಸುತ್ತು ಆಯಿತು. ಮೊದಲು ವಿನ್ಸ್ ಎರಡಕ್ಕೂ ರಿಜೆಕ್ಟ್. ವಿಂಡೋಸ್ ಅವನ್ನು ಬಿಟ್ಟು ಮತ್ತೆ ಕೇಳಿತು. ಆಗ ಅಡ್ರೆಸ್‌ಗೂ ಡಿಎನ್‌ಎಸ್‌ಗೂ ಸೇರಿಸಿ ನಾಕ್. ಮೂರನೇ ಸಲ ಆ್ಯಕ್. ಇಷ್ಟೆಲ್ಲ ಆಗಿದ್ದು ಒಂದೆರಡು ಸೆಕೆಂಡಿನಲ್ಲಿ. ಅಂದು "ವೆರಿಫೈಯಿಂಗ್ ಯೂಸರ್ ನೇಮ್" ಅಂತ ಪರದೆ ತೋರಿಸುತ್ತಾ ಕೂತಿದ್ದಾಗ ಹಿಂದೆ ಇದೆಲ್ಲ ನಡೆಯುತ್ತಿತ್ತು.

ಅಡ್ರೆಸ್ ತೋರಿಸುವ ವಿನ್‌ಐಪಿಸಿಎಫ್‌ಜಿ ತೆರೆದು ನೋಡಿದ ಹುಡುಗ ಗೇಟ್‌ವೇ (ಹೊರಗೆ ಹೋಗುವ ಬಾಗಿಲು) ತಪ್ಪಾಗಿದೆ ಅಂದ. ಗೇಟ್‌ವೇ ಜಾಗದಲ್ಲಿ ಲ್ಯಾಪ್‌ಟಾಪಿನ ಅಡ್ರೆಸ್ಸೇ ಇತ್ತು. ಅದು ಹಾಗೇ. ಲೈನಿಗೆ ಹಾಕಿದ್ದು ಆ ತುದಿಗೇ ಹೋಗುತ್ತದೆ, ಬೇರೆ ಎಲ್ಲಿಗೂ ಹೋಗಲು ಆಗಲ್ಲ. ಗೇಟ್‌ವೇ ಏನು ಬರೆದರೂ ಒಂದೇ.

ಆ ಬ್ರೌಸರಿನಲ್ಲಿ ಇವತ್ತಿನ ಸೈಟುಗಳು ತೆರೆಯಲ್ಲ, ಗೂಢಲಿಪಿ ಅಷ್ಟು ಹಳೆಯದು. ಪೈ ಮೇಲೆ ನಾನೇ ಒಂದು ಪುಟ ಬರೆದಿಟ್ಟೆ. ಒಂದು ಫೋಟೋ ಮೇಲಿನಿಂದ ಕೆಳಗೆ ಗೆರೆ ಗೆರೆಯಾಗಿ ಬರುವುದನ್ನು ಹುಡುಗ ಪೂರ್ತಿ ಕೂತು ನೋಡಿದ.

ಕರೆಂಟ್ ಹೋಗಿ ಬಂದಮೇಲೆ

ಭಾನುವಾರ ಮಧ್ಯಾಹ್ನ ಕರೆಂಟ್ ಹೋಯಿತು. ಬಂದಮೇಲೆ 21ಕ್ಕೆ ಡಯಲ್ ಮಾಡಿದರೆ 102 ಸಿಕ್ಕಿತು. 22ಕ್ಕೆ ಮಾಡಿದರೆ 101. ಅದಲು ಬದಲು.

ಕಾರಣ ಸರಳ. ಎರಡು ಯುಎಸ್‌ಬಿ ಅಡಾಪ್ಟರ್‌ಗಳಲ್ಲಿ ಯಾವುದು ಮೊದಲು ಎದ್ದಿತೋ ಅದಕ್ಕೆ ಸೊನ್ನೆ ನಂಬರಿನ ಪೋರ್ಟ್ ಹೆಸರು, ಇನ್ನೊಂದಕ್ಕೆ ಒಂದನೇ ನಂಬರು. ನಾನು ಅಡ್ರೆಸ್ ಬರೆದಿಟ್ಟದ್ದು ಪೋರ್ಟಿನ ಹೆಸರಿಗೆ. ಯಾರು ಕರೆ ಮಾಡಿದರು ಅನ್ನುವುದಕ್ಕೂ ಅಡ್ರೆಸ್‌ಗೂ ಸಂಬಂಧವೇ ಇಲ್ಲ. ದೇವಸ್ಥಾನದ ಮುಂದಿನ ಚಪ್ಪಲಿ ಸ್ಟ್ಯಾಂಡಿನ ಟೋಕನ್ ಇದ್ದ ಹಾಗೆ: ನಂಬರು ಗೂಡಿನದು, ಕಾಲಿನದಲ್ಲ. ಇಂಟರ್‌ನೆಟ್ ಕಂಪನಿಗಳಿಗೆ ಇದೇ ಬೇಕಾಗಿತ್ತು. ನಮ್ಮ ಕಡೆ ಇ1 ಅನ್ನುವ ಒಂದು ಡಿಜಿಟಲ್ ಲೈನಿನಲ್ಲಿ 30 ಕರೆ ಬರಬಹುದು. ಗಿರಾಕಿಗಳು ಸಾವಿರ ಜನ ಇದ್ದರೂ ಒಂದೇ ಸಲ ಒಳಗೆ ಇರುವವರು 30. ಅಡ್ರೆಸ್ 30 ಇದ್ದರೆ ಆಯಿತು.

ಪೋರ್ಟಿಗೆ ಖಾಯಂ ಹೆಸರು ಇಡೋಣ ಅಂತ ಯುಡೆವ್ (ಲಿನಕ್ಸ್‌ನಲ್ಲಿ ಸಾಧನಗಳಿಗೆ ಹೆಸರಿಡುವ ವ್ಯವಸ್ಥೆ) ನಿಯಮ ಬರೆದೆ. ಅಗ್ಗದ ಅಡಾಪ್ಟರ್‌ಗಳಿಗೆ ಸೀರಿಯಲ್ ನಂಬರ್ ಇಲ್ಲ, ಹಾಗಾಗಿ ಯುಎಸ್‌ಬಿ ಹಬ್ಬಿನ ಯಾವ ತೂತಿನಲ್ಲಿ ಕೂತಿದೆ ಅನ್ನುವುದರ ಮೇಲೆ ಗುರುತು ಹಿಡಿಸಿದೆ. ಹೊಸ ಹೆಸರಿಗೆ ಆಪ್ಷನ್ಸ್ ಫೈಲ್ ಮಾಡಿಟ್ಟೆ. ಪಿಪಿಪಿಡಿ ಅದನ್ನು ಮುಟ್ಟಲೇ ಇಲ್ಲ. ಎಂಗೆಟಿ ತೆರೆದು ಒಪ್ಪಿಸಿದ ಲೈನಿನ ಅಸಲಿ ಹೆಸರನ್ನೇ ಅದು ಹುಡುಕಿ ತೆಗೆಯುತ್ತದೆ, ನಾನಿಟ್ಟ ಅಡ್ಡಹೆಸರು ಅದಕ್ಕೆ ಬೇಕಿಲ್ಲ. ಇದು ಗೊತ್ತಾಗಲು ಒಂದು ಸಂಜೆ ಪೂರ್ತಿ ಹೋಯಿತು.

ಕೊನೆಗೆ ದಾರಿ ಸಿಕ್ಕಿದ್ದು ಆ ನಾಲ್ಕನೇ ಪದದಲ್ಲೇ. ನಕ್ಷತ್ರ ಅಳಿಸಿ, ಹುಡುಗನ ಹೆಸರಿನ ಮುಂದೆ 192.168.50.111, ನನ್ನ ಹೆಸರಿನ ಮುಂದೆ 192.168.50.112 ಅಂತ ಬರೆದೆ. ಪೋರ್ಟಿಗೆ ಬರೆದ ಅಡ್ರೆಸ್ ಆ ಹೆಸರಿಗೆ ಸಲ್ಲದಿದ್ದರೆ, ಇಲ್ಲಿ ಒಂದೇ ಅಡ್ರೆಸ್ ಇದ್ದರೆ, ಪಿಪಿಪಿಡಿ ಇದನ್ನೇ ಕೊಡುತ್ತದೆ. ಈಗ ಯಾವ ಲೈನಿಗೆ ಬಂದರೂ ಹುಡುಗನಿಗೆ 111. ದೊಡ್ಡ ಕಂಪನಿಗಳಲ್ಲಿ ಇದೇ ಕೆಲಸ ರೇಡಿಯಸ್ ಸರ್ವರ್ ಮಾಡುತ್ತಿತ್ತು. ಪಾಸ್‌ವರ್ಡ್ ಸರಿ ಅಂತ ಹೇಳುವಾಗಲೇ ಫ್ರೇಮ್ಡ್ ಐಪಿ ಅಡ್ರೆಸ್ ಅನ್ನುವ 8ನೇ ಗುಣವನ್ನೂ ಜೊತೆಗೆ ಕಳಿಸುತ್ತದೆ. ಅಲ್ಲಿ 255.255.255.254 ಅಂತ ಬಂದರೆ "ನಿನ್ನ ಗುಂಪಿನಿಂದ ಒಂದು ಆರಿಸಿ ಕೊಡು" ಅಂತ ಅರ್ಥ.

ಹುಡುಗ ಸುಮ್ನೆ ಕೂರುವವನಲ್ಲ. ತನ್ನ ಹೆಸರು, ಪಾಸ್‌ವರ್ಡನ್ನೇ ವಿಂಡೋಸ್ ಲ್ಯಾಪ್‌ಟಾಪಿನಲ್ಲೂ ಹಾಕಿ ಎರಡೂ ಕಡೆಯಿಂದ ಒಟ್ಟಿಗೆ ಡಯಲ್ ಮಾಡಿದ. ಪಿಪಿಪಿಡಿ ಏನೂ ಕೇಳದೆ ಇಬ್ಬರಿಗೂ 111 ಕೊಟ್ಟಿತು. ವಿಂಡೋಸಿನಿಂದ ಪಿಂಗ್ ಮಾಡಿದರೆ ಉತ್ತರ ಇಲ್ಲ. ಆದರೆ ಮೇಜಿನ ಆ ತುದಿಯಲ್ಲಿ, ಸುಮ್ಮನೆ ಕೂತಿದ್ದ ಲಿನಕ್ಸ್ ಲ್ಯಾಪ್‌ಟಾಪಿನ ಮೋಡೆಮ್ ಮೇಲೆ ಆರ್‌ಡಿ (ಮಾಹಿತಿ ಬರುತ್ತಿದೆ ಅನ್ನುವ) ದೀಪ ಸೆಕೆಂಡಿಗೆ ಒಂದು ಸಲ ಮಿನುಗುತ್ತಿತ್ತು. ಉತ್ತರಗಳೆಲ್ಲ ಅಲ್ಲಿಗೆ ಹೋಗುತ್ತಿದ್ದವು. ಇಡೀ ಮೂರು ವಾರದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಆ ಚಿಕ್ಕ ಕೆಂಪು ದೀಪ.

ವಾಪಸ್ ಬರದ ಟೋಕನ್

ಒಂದು ತೊಂದರೆ ಮಾತ್ರ ಉಳಿದಿತ್ತು. 22ರ ಲೈನಿನ ಪಿನ್ನು ಕಿತ್ತರೆ ಪೈಗೆ ಗೊತ್ತಾಗುತ್ತಿರಲಿಲ್ಲ. ಕರೆ ಸತ್ತಿದೆ, ಪಿಪಿಪಿಡಿ ಮಾತ್ರ ಇನ್ನೂ ಅಡ್ರೆಸ್ ಹಿಡಿದು ಕೂತಿದೆ. ಅದು ಬಿಡುವವರೆಗೆ ಎಂಗೆಟಿ ಮತ್ತೆ ಏಳಲ್ಲ, ಆ ಲೈನಿಗೆ ಹೊಸ ಕರೆ ಬರಲ್ಲ. 21ರಲ್ಲಿ ಹೀಗೆ ಆಗುತ್ತಿರಲಿಲ್ಲ.

ಎರಡು ಮೋಡೆಮ್ ಅದಲು ಬದಲು ಮಾಡಿದೆ. ತೊಂದರೆ 22ರಲ್ಲೇ ಉಳಿಯಿತು. ಅಂದರೆ ಮೋಡೆಮ್ ಸರಿ ಇದೆ. ಕೇಬಲ್ ಬದಲಿಸಿದೆ, ತೊಂದರೆ ಕೇಬಲ್ ಜೊತೆ ಹೋಯಿತು. ಅದರ 9 ಪಿನ್ ಕನೆಕ್ಟರಿನ ಮುಚ್ಚಳ ಬಿಚ್ಚಿ ನೋಡಿದರೆ 1, 4, 6 ಮೂರನ್ನೂ ಒಂದೇ ತಂತಿಯಲ್ಲಿ ಬೆಸೆದಿದ್ದಾರೆ. ಬೇರೆ ಯಾವುದೋ ಯಂತ್ರಕ್ಕೆ ಅಂತ ಮಾಡಿಸಿದ ಕೇಬಲ್ ಅದು. 1ನೇ ಪಿನ್ನು ಕ್ಯಾರಿಯರ್ (ಆ ಕಡೆಯ ಮೋಡೆಮ್ಮಿನ ಸದ್ದು) ಇದೆಯೋ ಇಲ್ಲವೋ ಅಂತ ಮೋಡೆಮ್ ಹೇಳುವ ಪಿನ್ನು. ಕಂಪ್ಯೂಟರ್ ಮಾತಾಡುವ 4ಕ್ಕೆ ಬೆಸೆದಮೇಲೆ ಅದು ಕಂಪ್ಯೂಟರ್ ತನ್ನ ಮಾತನ್ನೇ ತಾನು ಕೇಳಿಸಿಕೊಂಡ ಹಾಗೆ. ಲೈನು ಸತ್ತರೂ "ಇದೆ ಇದೆ" ಅಂತಲೇ ಇರುತ್ತದೆ.

ಒಳ್ಳೆ ಕೇಬಲ್ ಹಾಕಿದೆ. ಅದರ ಮೇಲೂ ನಂಬಿಕೆ ಇಲ್ಲದೆ ಪಿಪಿಪಿಡಿಗೆ ಎಲ್‌ಸಿಪಿ ಎಕೋ ಹಾಕಿದೆ: 30 ಸೆಕೆಂಡಿಗೊಮ್ಮೆ "ಇದ್ದೀಯಾ?" ಅಂತ ಕೇಳು, ನಾಲ್ಕು ಸಲ ಉತ್ತರ ಬರದಿದ್ದರೆ ಬಿಟ್ಟುಬಿಡು. ಈಗ ಹೆಚ್ಚೆಂದರೆ ಎರಡು ಎರಡೂವರೆ ನಿಮಿಷದಲ್ಲಿ ಅಡ್ರೆಸ್ ವಾಪಸ್.

ಕೊನೆಯ ಭಾನುವಾರ

ಹೊರಡುವ ಮುಂಚೆ ಹುಡುಗ ಮನೆಯ ಫೈಬರ್ ರೌಟರಿನ ಪುಟ ತೆರೆದ. ನಮ್ಮದು ಹೆಸರು, ಪಾಸ್‌ವರ್ಡ್ ಹಾಕುವ ಪಿಪಿಪಿಒಇ (ಈಥರ್ನೆಟ್ ಮೇಲೆ ಓಡುವ ಪಿಪಿಪಿ) ಸಂಪರ್ಕ. ಒಳಗೆ ಲಾಗ್ ಅಂತ ಒಂದು ಮೂಲೆ ಇದೆ, ನಾನು ಯಾವತ್ತೂ ಆ ಕಡೆ ಹೋದವನಲ್ಲ. ಅಲ್ಲಿ ಎಲ್‌ಸಿಪಿ. ಆಮೇಲೆ ಪಾಸ್‌ವರ್ಡ್. ಆಮೇಲೆ ಐಪಿಸಿಪಿ: ನಮ್ಮ ರೌಟರ್ 0.0.0.0 ಕೇಳಿದೆ, ಆ ಕಡೆಯಿಂದ ನಾಕ್ ಬಂದಿದೆ, ನಾಕ್ ಒಳಗೆ 100.64ರಿಂದ ಶುರುವಾಗುವ ಒಂದು ಅಡ್ರೆಸ್.

"ಮಾಮ, ಇದೂ ಡಯಲ್‌ಅಪ್ಪೇ!"

"ಸದ್ದಿಲ್ಲ ಅಷ್ಟೇ."

"100.64 ಅಂದ್ರೆ ಹೊರಗಡೆ ಕಾಣದ ಅಡ್ರೆಸ್ ಅಲ್ವಾ? ಸಿಜಿನ್ಯಾಟ್?"

"ಹೂಂ, ಹೊರಗಿನ ಒಂದೇ ಅಡ್ರೆಸ್ಸನ್ನ ಎಷ್ಟೋ ಗಿರಾಕಿಗಳು ಹಂಚಿಕೊಳ್ಳೋದು. ನಿನ್ನ 10.0.2.15 ಇದ್ದ ಹಾಗೆ."

ಪೈಯನ್ನು ಒಂದೇ ಮೋಡೆಮ್ ಜೊತೆ 21ರಲ್ಲಿ ಬಿಟ್ಟಿದ್ದೇನೆ. ಮಿಕ್ಕಿದ್ದೆಲ್ಲ ಶೂ ಡಬ್ಬಿಗೆ ಹೋಯಿತು. ಇಪಿಎಬಿಎಕ್ಸ್ ಬಿಚ್ಚಲು ಮಾತ್ರ ಅಮ್ಮ ಬಿಡಲಿಲ್ಲ. ಅಡುಗೆಮನೆಗೆ 25, ನನ್ನ ರೂಮಿಗೆ 26 ಹಾಕಿಸಿಕೊಂಡಿದ್ದಾರೆ, ಊಟಕ್ಕೆ ಕರೆಯಲು ಮಹಡಿ ಹತ್ತುವ ಕೆಲಸ ತಪ್ಪಿತು ಅಂತ. ಮೊನ್ನೆ ಕನ್ನಡಕ ಇಲ್ಲದೆ 21 ಒತ್ತಿದರು. ಎಂಗೆಟಿ ಫೋನ್ ಎತ್ತಿ ಅವರ ಕಿವಿಗೆ ಸಿಳ್ಳೆ ಹಾಕಿತು. "ಸಾರು ಆರಿಹೋಗ್ತಿದೆ, ಬಂದು ಉಣ್ಣು," ಅಂತ ಅದಕ್ಕೇ ಹೇಳಿ ಇಟ್ಟರಂತೆ. ಲಾಗಿನಲ್ಲಿ ಆ ಕರೆ ಇದೆ. ಅಡ್ರೆಸ್ ಕೊಟ್ಟಿಲ್ಲ.